ಹೆಚ್ಚಿ ತೋರಿಸಿ

ಫೆಬ್ರವರಿ 3, ಸೋಮವಾರ

ಸಾಣೆ ಅಂಗಡಿ ತೆರೆದು ಇವತ್ತಿಗೆ ಐದು ತಿಂಗಳು. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿದವರು ಮೂವರು. ಒಬ್ಬ ಅಂಚೆ ಕಚೇರಿ ಯಾವ ಕಡೆ ಎಂದು ಕೇಳಿದ. ಒಬ್ಬಳು ಬೀಗದ ಕೈ ಮಾಡಿಕೊಡ್ತೀರಾ ಎಂದಳು. ಮೂರನೆಯವನು ಎದುರು ಸಾಲಿನ ಕ್ಷೌರದಂಗಡಿಯವನು. ಅವನನ್ನು ಗಿರಾಕಿ ಎನ್ನಬೇಕೋ ಪೀಡೆ ಎನ್ನಬೇಕೋ ಗೊತ್ತಿಲ್ಲ. ಅದೇ ಕತ್ತರಿಯನ್ನು ನಾಲ್ಕನೇ ಸಲ ವಾಪಸು ತಂದಿದ್ದ. ತೆಳು ಕಾಗದವನ್ನು ಒದ್ದೆ ಮಾಡಿ, ನನ್ನ ಮೂಗಿನ ಕೆಳಗೇ ಹಿಡಿದು ಕತ್ತರಿಸಿದ. ಕತ್ತರಿಯ ತುದಿಗೆ ಬರುವಾಗ ಕಾಗದ ಒಂದಿಷ್ಟೇ ಮಡಚಿಕೊಂಡಿತು.

"ನೋಡಿ, ಮಡಚ್ತಾ ಇದೆ," ಎಂದ.

"ಜನರ ತಲೆ ಮೇಲೆ ಒದ್ದೆ ಕಾಗದ ಬೆಳೆದಿರುತ್ತೇನ್ರೀ?"

"ತಲೆ ಪಕ್ಕದಲ್ಲಿ ಕಿವಿ ಇರುತ್ತೆ," ಎಂದು ಕತ್ತರಿ ಇಟ್ಟು ಹೋದ.

ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಉಕ್ಕಿಗೆ ಹರಿತ ಕೊಟ್ಟವನು ನಾನು. ಅಳತೆ ಒಂದು ದಿನವೂ ತಪ್ಪಿದ್ದಿಲ್ಲ. ಕಾರ್ಖಾನೆ ಮುಚ್ಚಿತು, ಎರಡು ಸಾಣೆ ಚಕ್ರ ಕೊಂಡು ಈ ಹತ್ತಡಿ ಕೋಣೆಯಲ್ಲಿ ಕೂತೆ, ಈಗ ಒಬ್ಬ ಕ್ಷೌರಿಕನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಮೈ ಉರಿಯುತ್ತದೆ. ಚಕ್ರ ತಣ್ಣಗಾಗುವವರೆಗೆ ಬೇರೆ ಕೆಲಸವಿಲ್ಲದೆ ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿ 7, ಶುಕ್ರವಾರ

ಕ್ಷೌರಿಕ ಆರನೇ ಸಲ ಬಂದ. ಕಾಗದ ಮಡಚಲಿಲ್ಲ. ಒಂದು ಒಳ್ಳೆಯ ಮಾತಾದರೂ ಆಡಬಾರದೇ? ಚೀಲದಿಂದ ಇನ್ನೂ ಏಳು ಕತ್ತರಿ ತೆಗೆದು ಮೇಜಿನ ಮೇಲಿಟ್ಟು ಹೋದ, ಅಷ್ಟೇ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಣಿದೆ. ಬಾಗಿಲು ಗಾಜಿನದು ಎನ್ನುವುದು ಆಮೇಲೆ ನೆನಪಾಯಿತು.

ಫೆಬ್ರವರಿ 19, ಬುಧವಾರ

ಈ ವಾರ ಹದಿನೇಳು ಬಾಗಿಲು ತಟ್ಟಿದೆ. ದರ್ಜಿಗಳು, ಮಾಂಸದಂಗಡಿಗಳು, ಒಂದು ಮುದ್ರಣಾಲಯ. "ನೋಡೋಣ" ಎಂದವರು ಹದಿನಾರು ಜನ. ಹದಿನೇಳನೆಯವರು ಮೂರು ಹೋಟೆಲುಗಳ ಯಜಮಾನರು. ಆಸ್ಪತ್ರೆಯ ಹಿಂದೆ ರೋಗಿಗಳ ಕಡೆಯವರಿಗೆ ಮಧ್ಯಾಹ್ನ ಪುಕ್ಕಟೆ ಊಟ ಹಾಕುವ ಊಟದ ಮನೆ ಇದೆಯಲ್ಲ, ಅದಕ್ಕೂ ಅವರೇ ಅಧ್ಯಕ್ಷರು. ಎಲ್ಲರೂ ಅವರನ್ನು ಅಧ್ಯಕ್ಷರು ಎಂದೇ ಕರೆಯುವುದು, ಅವರ ಹೆಂಡತಿ ಕೂಡ.

"ಮೂರೂ ಹೋಟೆಲಿನ ಚಾಕು ನಿಮಗೇ ಕೊಡೋಣ, ವರ್ಷದ ಕರಾರು ಮಾಡ್ಕೊಳ್ಳೋಣ," ಎಂದರು. "ಆದ್ರೆ ಜನಕ್ಕೆ ನಿಮ್ಮ ಹೆಸರು ಗೊತ್ತಿಲ್ಲ. ಮೊದಲು ಸಮಾಜಕ್ಕೆ ಏನಾದ್ರೂ ಮಾಡಿ. ಊಟದ ಮನೆ ಅಂಗಳದಲ್ಲಿ ಒಂದು ಉಚಿತ ಸಾಣೆ ದಿನ ಇಟ್ಕೊಳ್ಳಿ. ಪತ್ರಿಕೆಯವರಿಗೆ ನಾನು ಹೇಳ್ತೀನಿ."

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮನೆಯಲ್ಲಿ ಹೇಳಿದರೆ ಹೆಂಡತಿ ತನ್ನ ಶಾಲೆಯ ಮಕ್ಕಳ ಗಣಿತದ ಪುಸ್ತಕ ತಿದ್ದುತ್ತ, ತಲೆ ಎತ್ತದೆ, "ನಿಮ್ಮ ದಾನಕ್ಕೆ ಫೋಟೋ ತೆಗೆಯೋನು ಬೇರೆ ಬರ್ತಾನಾ?" ಎಂದಳು. ಐದು ತಿಂಗಳಿಂದ ಅವಳ ಸಂಬಳದಲ್ಲಿ ಊಟ ಮಾಡುತ್ತಿದ್ದೇನೆ, ಹಾಗಾಗಿ ಸುಮ್ಮನಿದ್ದೆ. ಇಲ್ಲದಿದ್ದರೆ ಚೆನ್ನಾಗಿ ಹೇಳುತ್ತಿದ್ದೆ.

ಮಾರ್ಚ್ 9, ಭಾನುವಾರ

ಇನ್ನೂರ ಹನ್ನೆರಡು ಚಾಕು! ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಬೆನ್ನು ನೆಟ್ಟಗೆ ಮಾಡಿಲ್ಲ. ಜನ ತಂದ ಚಾಕುಗಳನ್ನು ನೋಡಿದರೆ ಅಳು ಬರಬೇಕು. ಬೆಣ್ಣೆಯನ್ನೂ ಕತ್ತರಿಸದ ಸ್ಥಿತಿ. ಒಂದೊಂದಕ್ಕೂ ಟೂಲ್ ರೂಮಿನ ಹರಿತ ಕೊಟ್ಟೆ. ಮುಂಗೈ ಮೇಲಿನ ಕೂದಲು ಬೋಳಿಸಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಫೋಟೋ ಕೂಡ ಆಯಿತು. ಅಧ್ಯಕ್ಷರು ಭುಜದ ಮೇಲೆ ಕೈ ಹಾಕಿ, "ತಿಂಗಳ ಕೊನೆಗೆ ಕರಾರಿಗೆ ಸಹಿ," ಎಂದರು.

ಮೂತಿ ಊದಿಸಿಕೊಂಡಿದ್ದವರು ಒಬ್ಬರೇ, ಊಟದ ಮನೆಯ ಅಡುಗೆಯಾಕೆ. ದೊಡ್ಡಕ್ಕ ಎನ್ನುತ್ತಾರೆ ಎಲ್ಲರೂ. ಅಲ್ಲಿನ ಹದಿನಾಲ್ಕು ಚಾಕು ಕೊಟ್ಟು, ತಮ್ಮದೊಂದು ಕರಿ ಹಿಡಿಯ ಚಾಕುವನ್ನು ಮಾತ್ರ ಡ್ರಾಯರಿನಲ್ಲಿಟ್ಟುಕೊಂಡಿದ್ದರು. ಅದೂ ಹೇಗೋ ರಾಶಿಯಲ್ಲಿ ಸೇರಿ ಬಂತು, ಮಾಡಿಬಿಟ್ಟೆ. ಒಳ್ಳೆಯ ಉಕ್ಕು. ಹಿಡಿದವರಿಗೆ ಬೆಲೆ ಗೊತ್ತಿಲ್ಲ ಅಷ್ಟೇ.

ಮಾರ್ಚ್ 11, ಮಂಗಳವಾರ

ಪತ್ರಿಕೆಯಲ್ಲಿ ಫೋಟೋ ಬಂತು. ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಎಲ್ಲರೂ ಕೈ ಎತ್ತುತ್ತಿದ್ದಾರೆ. ನಮಸ್ಕಾರ ಎಂದುಕೊಂಡೆ. ಬೆರಳಿಗೆ ಕಟ್ಟಿದ ಪಟ್ಟಿ ತೋರಿಸುತ್ತಿದ್ದರು! ಹಾಲಿನಂಗಡಿಯವಳಿಗೆ ತೋರುಬೆರಳು, ಅವಳ ಗಂಡನಿಗೆ ಅಂಗೈ, ದಿನಸಿ ಅಂಗಡಿಯವನಿಗೆ ಎರಡು ಬೆರಳು ಒಟ್ಟಿಗೆ. ಔಷಧದಂಗಡಿಯವನು ಅಡ್ಡಗಟ್ಟಿ ಕೈ ಕುಲುಕಿದ. "ಪಟ್ಟಿ ಎಲ್ಲಾ ಖಾಲಿ ಸ್ವಾಮಿ. ಮುಂದಿನ ಉಚಿತ ದಿನ ಯಾವಾಗ?"

ನಕ್ಕುಬಿಟ್ಟೆ. ಮೊಂಡು ಚಾಕುವನ್ನು ಒತ್ತಿ ಒತ್ತಿ ಅಭ್ಯಾಸವಾದ ಕೈಗಳು, ಅದೇ ಒತ್ತಡ ಹರಿತದ ಮೇಲೆ ಹಾಕಿದರೆ ಹೀಗೆಯೇ. ನಾಲ್ಕು ದಿನದಲ್ಲಿ ಕಲಿಯುತ್ತಾರೆ.

ಮಧ್ಯಾಹ್ನ ಕ್ಷೌರಿಕ ಬಂದು ನಿಂತ. ಅವನ ಮುಖದಲ್ಲಿ ನಗು ಇರಲಿಲ್ಲ.

"ದೊಡ್ಡಕ್ಕನ ವಿಷಯ ಗೊತ್ತಾಯ್ತಾ? ಎಡಗೈ ಹೆಬ್ಬೆರಳು. ನರ ಕಡಿದಿದೆಯಂತೆ. ಪಕ್ಕದಲ್ಲೇ ಆಸ್ಪತ್ರೆ ಇತ್ತು, ಬಚಾವಾದ್ರು."

ಅಲ್ಲಿಂದೀಚೆ ಚಕ್ರ ಹಾಕಿಲ್ಲ.

ಮಾರ್ಚ್ 12, ಬುಧವಾರ

ಕೆಲಸಕ್ಕೆ ಮನಸ್ಸಿಲ್ಲ. ಹತ್ತು ಸಲ ಎದ್ದು ಹತ್ತು ಸಲ ಕೂತೆ. ನಾನೇನು ಕೈ ಹಿಡಿದು ಕೊಯ್ದೆನೇ? ಹರಿತ ಮಾಡುವುದು ನನ್ನ ಕೆಲಸ, ಹುಷಾರಾಗಿ ಹೆಚ್ಚುವುದು ಅವರ ಕೆಲಸ.

ಅಧ್ಯಕ್ಷರು ಫೋನ್ ಮಾಡಿದ್ದರು. "ನೀವು ತಲೆ ಕೆಡಿಸ್ಕೋಬೇಡಿ. ವಯಸ್ಸಾಯ್ತು, ಗಮನ ಇಲ್ಲ ಆಕೆಗೆ. ತಿಂಗಳ ಕೊನೆಗೆ ಬೇರೆಯವರನ್ನ ತರ್ತೀವಿ." ಸರಿ ಸರಿ ಎಂದೆ. ಎರಡು ಸಲ ಯಾಕೆ ಎಂದೆನೋ.

ಮಾರ್ಚ್ 14, ಶುಕ್ರವಾರ

ಸುಮ್ಮನೆ ನೋಡಿಕೊಂಡು ಬರೋಣ ಎಂದು ಬೆಳಿಗ್ಗೆ ಆರಕ್ಕೆ ಊಟದ ಮನೆಗೆ ಹೋದೆ. ದೊಡ್ಡಕ್ಕ ಮೊಣಕೈವರೆಗೆ ಪಟ್ಟಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಹತ್ತೊಂಬತ್ತು ವರ್ಷದಿಂದ ಇನ್ನೂರು ಜನರ ತರಕಾರಿ ಹೆಚ್ಚಿದವರು, ಈಗ ಇಬ್ಬರು ಸಹಾಯಕಿಯರಿಗೆ ಬಾಯಲ್ಲೇ ಅಡುಗೆ ಹೇಳುತ್ತಿದ್ದಾರೆ. ಹೇಗಿದ್ದೀರಿ ಎಂದು ಕೇಳುವಷ್ಟರಲ್ಲಿ, "ಕೈ ಖಾಲಿ ಇದೆಯಾ? ಈರುಳ್ಳಿ ಹೆಚ್ಚಿ," ಎಂದರು.

ಮೂಟೆ ಇತ್ತು. ಮೂಟೆ!

ಒಂದು ಗಂಟೆ ಹೆಚ್ಚಿದೆ. ಕಣ್ಣು, ಮೂಗು ಎಲ್ಲಾ ಸುರಿಯಿತು. "ದಪ್ಪ ಆಯ್ತು," ಎಂದರು. ಇನ್ನೊಂದು ಸಲ ಅತ್ತ ಸುಳಿಯುವುದಿಲ್ಲ.

ಮಾರ್ಚ್ 15, ಶನಿವಾರ

ಹೋಗಿದ್ದೆ. ದಪ್ಪ ಆಯ್ತಂತೆ.

ಮಾರ್ಚ್ 17, ಸೋಮವಾರ

ಮತ್ತೆ ದಪ್ಪ. ಟೂಲ್ ರೂಮಿನ ಅಳತೆಗೋಲು ತೆಗೆದುಕೊಂಡು ಹೋಗಿ, ನಾನು ಹೆಚ್ಚಿದ ಚೂರು ಅಳೆದು ತೋರಿಸಿದೆ. "ಇದಕ್ಕಿಂತ ಸಣ್ಣ ಯಾರು ಹೆಚ್ತಾರೆ?" ಎಂದೆ.

"ನಾನು ಹೆಚ್ತಿದ್ದೆ," ಎಂದರು.

ತಲೆ ತಗ್ಗಿಸಿ ಉಳಿದ ಮೂಟೆ ಮುಗಿಸಿದೆ. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು, ಕಣ್ಣೀರಿಗೆ ಯಾರೂ ಕಾರಣ ಕೇಳಲಿಲ್ಲ.

ಮಾರ್ಚ್ 24, ಸೋಮವಾರ

ಅತ್ತೆಯವರ ದಿಂಬಿನ ಕೆಳಗೆ ಚಾಕು ಸಿಕ್ಕಿತು. ಹಾಸಿಗೆ ಬಿಸಿಲಿಗೆ ಹಾಕಲು ಹೋದ ಹೆಂಡತಿ ಹೌಹಾರಿದಳು. "ಅಮ್ಮಾ, ಇದೇನಿದು?"

"ಅಳಿಯಂದ್ರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೀನಿ ಕಣೇ. ಮನೇಲಿ ಉಳಿದಿರೋದು ಇದೊಂದೇ. ಮಿಕ್ಕ ಎಲ್ಲಾ ಚಾಕೂನೂ ಕತ್ತಿ ಮಾಡಿಟ್ಟಿದ್ದಾರೆ ಮಹಾರಾಯರು."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಸಿಟ್ಟು ಬಂತು. "ಆ ಮೊಂಡು ತಗಡಿನಲ್ಲಿ ಏನು ಹೆಚ್ತೀರಿ, ತೋರಿಸಿ ನೋಡೋಣ," ಎಂದೆ.

ತೋರಿಸಿದರು. ಮಣೆ ಇಲ್ಲ, ಮೇಜು ಇಲ್ಲ. ಕ್ಯಾರೆಟ್ಟನ್ನು ಎಡಗೈಯಲ್ಲಿ ಹಿಡಿದು, ಚಾಕುವನ್ನು ಅದರೊಳಗೆ ಇಳಿಸಿ ನೇರ ಆ ಕೈಯ ಹೆಬ್ಬೆರಳಿಗೇ ತಂದರು. ಅಲಗು ಬಂದು ಬೆರಳಿಗೆ ತಾಗಿ ನಿಂತಿತು. ಮತ್ತೆ ಇನ್ನೊಂದು, ಮತ್ತೆ ನಿಂತಿತು. ಟಪ ಟಪ ಎಂದು ಚೂರುಗಳು ತಟ್ಟೆಗೆ ಬೀಳುತ್ತಿವೆ, ಅತ್ತೆ ಅತ್ತ ನೋಡುತ್ತಲೂ ಇಲ್ಲ, ಮಗಳ ಜೊತೆ ಮಾತಾಡುತ್ತಿದ್ದಾರೆ. ಮೊಂಡಾಗಿರುವುದರಿಂದಲೇ ಅದು ಬೆರಳಿನ ಮೇಲೆ ನಿಲ್ಲುತ್ತದೆ. ಅದು ಸೋಮಾರಿತನದ ಮೊಂಡಲ್ಲ. ವರ್ಷಗಟ್ಟಲೆ ಬಳಸಿ ಬೆರಳಿಗೆ ಹೊಂದಿಸಿಕೊಂಡ ಹದ.

ದೊಡ್ಡಕ್ಕನ ಎಡ ಹೆಬ್ಬೆರಳು ನೆನಪಾಯಿತು. ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಒಂಬತ್ತನೇ ತಾರೀಖಿನ ಪುಟ ತಿರುಗಿಸಿ ನೋಡಿದೆ. "ಹೇಗೋ ರಾಶಿಯಲ್ಲಿ ಸೇರಿ ಬಂತು" ಎಂದು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆನಲ್ಲ, ಎಂಥ ಮನುಷ್ಯ ನಾನು! ಅದು ಸೇರಿ ಬರಲಿಲ್ಲ. ದೊಡ್ಡಕ್ಕ ಡ್ರಾಯರಿನ ಮೇಲೆ ಕೈ ಇಟ್ಟು, "ಇದು ಬೇಡ, ಇದು ನನ್ನ ಕೈಯದು," ಎಂದು ಬಾಯಿಬಿಟ್ಟು ಹೇಳಿದ್ದರು. ಅವರು ನೀರಿನ ಕೊಡ ತರಲು ಹೋದಾಗ ನಾನೇ ಡ್ರಾಯರು ಎಳೆದು ತೆಗೆದೆ. ಹರಿತ ಮಾಡಿ, ಹಾಗೇ ವಾಪಸು ಇಟ್ಟೆ. ಅವರು ಬೆರಗಾಗಲಿ, ನನ್ನನ್ನು ಹೊಗಳಲಿ ಎಂದು. ಅಷ್ಟೇ ಕಾರಣ.

ಮಾರ್ಚ್ 26, ಬುಧವಾರ

ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದೇನೆ. ಶನಿವಾರ ಕರಾರಿಗೆ ಸಹಿ. ಮೂರು ಹೋಟೆಲು ಎಂದರೆ ವರ್ಷಪೂರ್ತಿ ಕೆಲಸ. ಹೆಂಡತಿ ಸಂಬಳದ ಮೇಲೆ ಕೂತು ತಿನ್ನುವುದು ತಪ್ಪುತ್ತದೆ. ಶನಿವಾರವೇ ದೊಡ್ಡಕ್ಕನಿಗೂ ಕೊನೆಯ ದಿನ. ಎರಡೂ ಒಂದೇ ದಿನ ಬರಬೇಕೇ?

ಹೇಳಿದರೆ ಅಂಗಡಿ ಹೋಗುತ್ತದೆ. ಹೇಳದಿದ್ದರೆ ಅವರ ಕೆಲಸ ಹೋಗುತ್ತದೆ, "ಗಮನ ಇಲ್ಲದವಳು" ಎಂಬ ಹೆಸರು ಹೊತ್ತುಕೊಂಡು. ಸಹಿ ಆದ ಮೇಲೆ ಅವರಿಗೆ ಬೇರೆ ಕಡೆ ಏನಾದರೂ ನೋಡಿಕೊಡಬಹುದು. ಹೌದು, ಹಾಗೆ ಮಾಡಬಹುದು.

ಹೆಂಡತಿಗೆ ಎಲ್ಲಾ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು. "ನನ್ನ ಸಂಬಳ ಇನ್ನೂ ಬರ್ತಾ ಇದೆ," ಎಂದಳು, ಪುಸ್ತಕ ತಿದ್ದಲು ಕೂತಳು.

ಮಾರ್ಚ್ 29, ಶನಿವಾರ

ಆಯಿತು.

ಊಟದ ಮನೆಯ ಉದ್ದ ಮೇಜಿನ ಮೇಲೆ ಕಾಗದ ಹರಡಿದ್ದರು. ಅಧ್ಯಕ್ಷರು ಪೆನ್ನು ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ದೊಡ್ಡಕ್ಕ ಒಲೆಯ ಹತ್ತಿರ ತಮ್ಮ ಏಪ್ರನ್ ಮಡಚುತ್ತಿದ್ದರು, ಒಂದೇ ಕೈಯಲ್ಲಿ, ಅಂಚು ಸರಿಯಾಗಿ ಕೂರದೆ ಮತ್ತೆ ಬಿಚ್ಚಿ ಮತ್ತೆ ಮಡಚುತ್ತಿದ್ದರು.

"ಆ ಚಾಕು ನಾನು ಕದ್ದು ತೆಗೆದೆ," ಎಂದೆ.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಎಲ್ಲಾ ಹೇಳಿದೆ. ಬೇಡ ಎಂದಿದ್ದು, ಡ್ರಾಯರು ಎಳೆದಿದ್ದು, ವಾಪಸು ಇಟ್ಟಿದ್ದು. "ಅವರದ್ದೇನೂ ತಪ್ಪಿಲ್ಲ. ಗಮನ ಇಲ್ಲದವನು ನಾನು."

ಅವರು ನನ್ನ ಹತ್ತಿರ ಬಾಗಿ ತಗ್ಗಿದ ದನಿಯಲ್ಲಿ, "ಇದನ್ನ ನಾನು ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ಳಿ. ಪತ್ರಿಕೇಲಿ ನಿಮ್ಮ ಪಕ್ಕ ನನ್ನ ಫೋಟೋನೂ ಇದೆ. ಸಹಿ ಹಾಕಿ," ಎಂದರು.

ಪೆನ್ನು ಕೈಯಲ್ಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಕಾಗದದ ಕಡೆ ನೋಡಿದೆ. ಆಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ. ಹಿಂದಿನ ಕೋಣೆಯಲ್ಲಿದ್ದ ಸಹಾಯಕಿಯರೂ ಹೊರಗೆ ಬರುವಷ್ಟು ಜೋರಾಗಿ. ಅಧ್ಯಕ್ಷರು ಕಾಗದಗಳನ್ನು ಒಟ್ಟುಮಾಡಿ ಕವರಿಗೆ ಹಾಕಿಕೊಂಡರು. ಹೋಗುವ ಮುಂಚೆ ದೊಡ್ಡಕ್ಕನ ಕಡೆ ನೋಡದೆ, "ಕೈ ವಾಸಿ ಆಗೋವರೆಗೆ ಹೀಗೇ ಇರಲಿ, ಆಮೇಲೆ ಕೆಲಸ ಮುಂದುವರಿಸ್ಲಿ," ಎಂದರು. ಅಷ್ಟು ಜನ ಕೇಳಿಸಿಕೊಂಡ ಮೇಲೆ ಬೇರೇನು ಹೇಳುತ್ತಾರೆ.

ದೊಡ್ಡಕ್ಕನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ನಿಮಗೆ ಗೊತ್ತಿತ್ತಾ?" ಎಂದೆ.

"ನನ್ನ ಚಾಕು ನಂಗೆ ಗೊತ್ತಾಗಲ್ವಾ? ಬೆರಳು ಕೊಯ್ದ ಕೂಡ್ಲೇ ಗೊತ್ತಾಯ್ತು."

"ಮತ್ತೆ ಅಧ್ಯಕ್ಷರಿಗೆ ಯಾಕೆ ಹೇಳಲಿಲ್ಲ?"

"ಹೇಳ್ದೆ. ಆಸ್ಪತ್ರೆ ಮಂಚದ ಮೇಲಿಂದಲೇ ಹೇಳ್ದೆ. ನೆಪ ಹೇಳ್ಬೇಡ ಅಂದ್ರು." ಮಡಚಿದ ಏಪ್ರನ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳಲು ಒದ್ದಾಡುತ್ತ ಹೇಳಿದರು: "ನಾನು ಹೇಳಿದ್ರೆ ನೆಪ. ನೀವು ಹೇಳಿದ್ರೆ ನಿಜ. ಅದಕ್ಕೇ ದಿನಾ ಈರುಳ್ಳಿ ಕೊಟ್ಟು ಕೂರಿಸ್ಕೊಂಡಿದ್ದೆ, ಇವತ್ತು ಹೇಳ್ತೀರಾ ನಾಳೆ ಹೇಳ್ತೀರಾ ಅಂತ."

ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಅವರ ಏಪ್ರನ್ನಿನ ದಾರ ಹಿಂದಿನಿಂದ ಕಟ್ಟಿಕೊಟ್ಟೆ.

ಏಪ್ರಿಲ್ 4, ಶುಕ್ರವಾರ

ಹೋಟೆಲು ಹೋಯಿತು. ಊರಿಗೆಲ್ಲ ಸುದ್ದಿ ಹರಡಿ ಬೇರೆ ಗಿರಾಕಿಗಳೂ ಹೋದರು. ಉಳಿದವನು ಕ್ಷೌರಿಕ. "ನಾನು ಬಂದಿರೋದು ಕತ್ತರಿಗೆ, ನಿಮ್ಮ ಗುಣಕ್ಕಲ್ಲ," ಎನ್ನುತ್ತಾನೆ. ಕತ್ತರಿಸಿ ತೋರಿಸಿ ಎಂದೆ. "ಯಾಕೆ?" ಎಂದ. ನೀವು ಕೈ ಹೇಗೆ ತಿರುಗಿಸ್ತೀರಿ ನೋಡ್ಬೇಕು ಎಂದೆ. ನೋಡಿದರೆ ಮಣಿಕಟ್ಟು ಒಳಗೆ ಬಗ್ಗುತ್ತದೆ! ತುದಿಯಲ್ಲಿ ಕಾಗದ ಮಡಚುತ್ತಿದ್ದದ್ದು ಅದಕ್ಕೇ. ಮೊದಲೇ ನೋಡಿದ್ದರೆ ಐದು ಓಡಾಟ ಉಳಿಯುತ್ತಿತ್ತು ಇಬ್ಬರಿಗೂ.

ಬೆಳಿಗ್ಗೆ ಹೋಗಿದ್ದೆ. ಹೋಗದಿದ್ದರೆ ಆ ಹೆಂಗಸರು ಈರುಳ್ಳಿಯನ್ನು ದಪ್ಪ ದಪ್ಪ ಹೆಚ್ಚಿಬಿಡುತ್ತಾರೆ.

ಜೂನ್ 16, ಸೋಮವಾರ

ಬಾಗಿಲ ಪಕ್ಕ ಒಂದು ಬುಟ್ಟಿ ತರಕಾರಿ, ಒಂದು ಮಣೆ, ಕೆಳಗೆ ಮುಚ್ಚಳದ ಬಕೆಟ್ಟು. ಯಾರೇ ಚಾಕು ತಂದರೂ ಮೊದಲು "ಹೆಚ್ಚಿ ತೋರಿಸಿ" ಎನ್ನುತ್ತೇನೆ. ಮೊದಮೊದಲು ಜನ ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಹಾಲಿನಂಗಡಿಯವಳು ಎಡಚಿ. ಇಷ್ಟು ವರ್ಷ ಬಲಗೈ ಹರಿತದಲ್ಲಿ ಒದ್ದಾಡಿದ್ದಾಳೆ, ಅವಳಿಗೇ ಗೊತ್ತಿಲ್ಲ. ಹರಿತವನ್ನು ಅಲಗಿನ ಇನ್ನೊಂದು ಬದಿಗೆ ತಿರುಗಿಸಿ ಕೊಟ್ಟೆ. ಸಂಜೆಗೆ ತನ್ನ ಅಕ್ಕತಂಗಿಯರನ್ನೆಲ್ಲ ಕರೆತಂದಳು.

ಕೆಲವರು ಮಣೆ ಬೇಡ, ಕೈಯಲ್ಲೇ ಹೆಚ್ಚುತ್ತೇವೆ ಎನ್ನುತ್ತಾರೆ. ಅವರ ಚಾಕುವಿಗೆ ತುದಿ ಮಾತ್ರ ಹರಿತ. ಬಕೆಟ್ಟು ಮಧ್ಯಾಹ್ನದ ಹೊತ್ತಿಗೆ ತುಂಬುತ್ತದೆ. ಅಷ್ಟು ಹೆಚ್ಚಿದ ತರಕಾರಿ ನಾನೇನು ಮಾಡಲಿ, ಮುಚ್ಚಿ ತಣ್ಣಗಿಟ್ಟು ಬೆಳಿಗ್ಗೆ ಊಟದ ಮನೆಗೆ ಒಯ್ಯುತ್ತೇನೆ. "ಇದೇನ್ರೀ, ಒಂದೊಂದು ಚೂರು ಒಂದೊಂದು ಆಕಾರ," ಎಂದು ದೊಡ್ಡಕ್ಕ ಗೊಣಗುತ್ತಾರೆ.

ಆಗಸ್ಟ್ 21, ಗುರುವಾರ

ಕೂರಲು ಹೊತ್ತಿಲ್ಲ. ಟೂಲ್ ರೂಮಿನ ಹಳೆಯ ಗೆಳೆಯನೊಬ್ಬ ಎರಡನೇ ಚಕ್ರದ ಮುಂದೆ ಕೂತಿದ್ದಾನೆ. ಅವನು ಬಂದ ದಿನವೇ ಹರಿತ ತೋರಿಸಲು ಮುಂಗೈ ಕೂದಲು ಬೋಳಿಸಿದ. ಸಿಕ್ಕಾಪಟ್ಟೆ ಬೈದೆ.

ಅಧ್ಯಕ್ಷರ ಹೋಟೆಲಿನ ಬಾಣಸಿಗರು ತಮ್ಮ ತಮ್ಮ ಚಾಕು ಚೀಲದಲ್ಲಿ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಬರುತ್ತಾರೆ. ನಾನೂ ನೋಡದವನಂತೆ ತೆಗೆದುಕೊಳ್ಳುತ್ತೇನೆ. ಪತ್ರಿಕೆಯವನು ಬಕೆಟ್ಟಿನ ಫೋಟೋ ಬೇಕು ಎಂದು ಬಂದಿದ್ದ. ಕೆಲಸ ಇದೆ ಹೋಗಯ್ಯಾ ಎಂದೆ.

ಸೆಪ್ಟೆಂಬರ್ 25, ಗುರುವಾರ

ದೊಡ್ಡಕ್ಕ ಮೊದಲ ಸಲ ಅಂಗಡಿಗೆ ಬಂದರು. ಸರದಿಯಲ್ಲಿ ನಿಂತೇ ಬಂದರು. ಬಟ್ಟೆಯ ಸುರುಳಿ ಬಿಚ್ಚಿ ಕರಿ ಹಿಡಿಯ ಚಾಕುವನ್ನು ಮೇಜಿನ ಮೇಲಿಟ್ಟರು. ಆರು ತಿಂಗಳಿಂದ ಅದನ್ನು ಅವರು ಮುಟ್ಟಿರಲಿಲ್ಲ.

"ಡಾಕ್ಟ್ರು ಇನ್ನು ಹೆಚ್ಚಬಹುದು ಅಂದ್ರು. ಬೆರಳು ಇಷ್ಟೇ ಮಡಚೋದು." ತೋರಿಸಿದರು. ಅರ್ಧಕ್ಕೆ ನಿಲ್ಲುತ್ತದೆ.

"ಹೆಚ್ಚಿ ತೋರಿಸಿ," ಎಂದೆ. ಎಲ್ಲರಿಗೂ ಹೇಳಿ ಹೇಳಿ ಬಾಯಿಗೆ ಅದೇ ಬಂದುಬಿಟ್ಟಿತು.

ಅವರು ನನ್ನ ಮುಖ ನೋಡಿದರು. "ಆವತ್ತು ಕೇಳ್ಬೇಕಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ಬುಟ್ಟಿಯಿಂದ ಕ್ಯಾರೆಟ್ ತೆಗೆದುಕೊಂಡರು. ಅಲಗು ಅರ್ಧ ದಾರಿಗೆ ಬಂದು ನಿಂತಿತು. ಇನ್ನೊಂದು ಸಲವೂ ಅಲ್ಲೇ ನಿಂತಿತು. ಕೈ ಮುಂದೆ ಹೋಗುತ್ತಿಲ್ಲ. ಹತ್ತೊಂಬತ್ತು ವರ್ಷ ಇಲ್ಲದ ಹೆದರಿಕೆಯನ್ನು ಆ ಕೈಗೆ ನಾನು ಕೊಟ್ಟಿದ್ದೇನೆ.

"ಮೊದಲಿನ ಹಾಗೆ ಮಾಡಿಕೊಡೋಕಾಗುತ್ತಾ?"

"ಮೊಂಡು ಮಾಡ್ಲಾ?"

"ಆಗಲ್ವಾ?"

"ಆಗುತ್ತೆ. ಇಷ್ಟು ವರ್ಷದಲ್ಲಿ ಬೇಕು ಅಂತ ಮಾಡಿಲ್ಲ ಅಷ್ಟೇ."

ಚಕ್ರ ಮುಟ್ಟಲಿಲ್ಲ. ಕೈಯಲ್ಲಿ ಉಜ್ಜುವ ಸಾಣೆಕಲ್ಲು ಹಿಡಿದು ಕೂತೆ. ತುದಿ ಹಾಗೇ ಬಿಟ್ಟು, ಹಿಡಿಯ ಹತ್ತಿರ ಎರಡು ಬೆರಳಗಲ, ಹೆಬ್ಬೆರಳಿಗೆ ಬಂದು ತಾಗುವ ಜಾಗ, ಅಷ್ಟರ ಹರಿತವನ್ನು ಮಾತ್ರ ಒಂದೊಂದೇ ಎಳೆತಕ್ಕೆ ಮುರಿಯುತ್ತ ಬಂದೆ. ಕೊಟ್ಟಾಗಲೆಲ್ಲ ಅವರು ಬೆರಳಿಗೆ ಒತ್ತಿ ನೋಡಿ, "ಇನ್ನೂ," ಎನ್ನುತ್ತಿದ್ದರು. ಅಷ್ಟರಲ್ಲಿ ಕ್ಷೌರಿಕ ಬಂದ. "ಏನ್ರೀ ಇದು, ಚಾಕು ಹಾಳು ಮಾಡ್ತಾ ಇದ್ದೀರಾ?" ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಎಂದೆ. ಕೂತ. ಗೆಳೆಯನೂ ಚಕ್ರ ನಿಲ್ಲಿಸಿದ.

ಏಳನೇ ಸಲ ಅವರು "ಇನ್ನೂ" ಎನ್ನಲಿಲ್ಲ. ಕ್ಯಾರೆಟ್ ತೆಗೆದುಕೊಂಡರು. ಅಲಗು ಇಳಿಯಿತು, ಬಂತು, ಬೆರಳಿಗೆ ತಾಗಿ ನಿಂತಿತು. ಇನ್ನೊಂದು ಸಲ ಇಳಿಸಿದರು. ಅರ್ಧ ಕ್ಯಾರೆಟ್ ಆಗುವಷ್ಟರಲ್ಲಿ ಅವರು ಚಾಕುವಿನ ಕಡೆ ನೋಡುವುದು ಬಿಟ್ಟಿದ್ದರು. "ನಾಳೆ ಆಲೂಗಡ್ಡೆ ಬರುತ್ತೆ, ಬೇಗ ಬನ್ನಿ," ಎಂದು ಹೇಳುತ್ತಲೇ ಟಪ ಟಪ ಎಂದು ಬಕೆಟ್ಟಿಗೆ ಬೀಳಿಸುತ್ತಿದ್ದರು. ಆ ಚೂರುಗಳು ನನ್ನವಕ್ಕಿಂತ ಸಣ್ಣ.

"ಎಷ್ಟಾಯ್ತು?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆಯೇ, "ಉಚಿತ ಅಂದ್ರೆ ಚಾಕು ಇಲ್ಲೇ ಬಿಟ್ಟು ಹೋಗ್ತೀನಿ," ಎಂದರು.

ಬೆಲೆ ಹೇಳಿದೆ. ಕೊಟ್ಟರು, ತೆಗೆದುಕೊಂಡೆ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಳೆಗೆ ಎಂದು ಇಟ್ಟಿದ್ದ ತರಕಾರಿಯ ಬಕೆಟ್ಟನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು, ಎಡಗೈಯಲ್ಲಿ.